ಬಾಕಿ ಉಳಿದ ಬೀಗರೂಟ

ಆಂಧ್ರದ ಗಡಿಯ ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಉಮಾದೇವಿಯವರ ಹೊಲಿಗೆಯ ಕೋಣೆಯಿದೆ. ಬಾಗಿಲಿಗೆ ಬೋರ್ಡಿಲ್ಲ. ಕನ್ನಡದ ಒಂದು ವಾಹಿನಿಯ ಹಾಸ್ಯ ಕಾರ್ಯಕ್ರಮದಲ್ಲಿ ಅವರು ವರ್ಷಗಟ್ಟಲೆ ಕಾಣಿಸಿಕೊಂಡಿದ್ದಾರೆ. ತೆಲುಗಿನಲ್ಲೂ ಕೆಲವು ಕಂತುಗಳಾಗಿವೆ, ಸಿನಿಮಾ ಪಾತ್ರಗಳಾಗಿವೆ, ಬೆಂಗಳೂರಿನ ಸಣ್ಣ ಸಭಾಂಗಣಗಳಲ್ಲಿ ಒಬ್ಬರೇ ಮೈಕಿನ ಮುಂದೆ ನಿಂತು ನಗಿಸುವ ಸ್ಟ್ಯಾಂಡಪ್ ಪ್ರದರ್ಶನಗಳೂ ನಡೆದಿವೆ. ಇಷ್ಟಾದರೂ ಚಿತ್ರೀಕರಣವಿಲ್ಲದ ದಿನ ಬೆಳಿಗ್ಗೆಯಿಂದ ಅವರು ರವಿಕೆ ಹೊಲಿಯುತ್ತಾರೆ. ಅಳತೆ ಕೊಡಲು ಬಂದ ಹೆಂಗಸರು ಮೊದಲು ಕೇಳುವುದು ಮಾತ್ರ ರವಿಕೆಯ ವಿಚಾರವಲ್ಲ.

“ಅಕ್ಕಾ, ಒಂದ್ಸಲ ಅದನ್ನ ಹೇಳ್ರಕ್ಕಾ.”

“ಮೊದ್ಲು ಕೈ ಎತ್ತಮ್ಮ, ತೋಳಿನ ಅಳತೆ ತಗಂಬೇಕು.”

“ಹೇಳಿದ್ರೇನೇ ಎತ್ತೋದು.”

ಆಗ ಉಮಾದೇವಿ ಟೇಪನ್ನು ಕೊರಳಿಗೆ ಹಾಕಿಕೊಂಡು, ಎಡಗೈಯನ್ನು ಸೊಂಟದ ಮೇಲಿಟ್ಟು, ಬಲಗೈಯ ಎರಡು ಬೆರಳುಗಳ ನಡುವೆ ಇಲ್ಲದ ಅನ್ನದ ಅಗುಳೊಂದನ್ನು ಹಿಸುಕಿ, ಎದುರಿಗೆ ನಿಂತವಳನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡುತ್ತಾರೆ. “ಪರವಾಗಿಲ್ಲ. ಇನ್ನೊಂದು ಕುದಿ ಬೇಕಿತ್ತು.”

ಕೋಣೆಯಲ್ಲಿದ್ದವರೆಲ್ಲ ನಗುತ್ತಾರೆ. ಆದರೆ ಆ ಮಾತು, ಆ ಬೆರಳು, ಆ ನೋಟ ಉಮಾದೇವಿಯವರದಲ್ಲ. ಅವು ಕಲ್ಯಾಣದುರ್ಗದ ಸರ್ವಮಂಗಳಮ್ಮನವರವು. ಸರ್ವಮಂಗಳಮ್ಮ ಉಮಾದೇವಿಯವರ ಮಗಳು ಮೀನಾಳ ಅತ್ತೆ. ಹೆಣ್ಣು ಕೊಟ್ಟ ಮನೆಯ ಯಜಮಾನಿಯನ್ನೇ ಟೀವಿಯಲ್ಲಿ ಹಾಸ್ಯದ ಪಾತ್ರವಾಗಿಸಿದ ಒಬ್ಬ ತಾಯಿ ಆ ಸಂಬಂಧವನ್ನೂ ಆ ಪಾತ್ರವನ್ನೂ ಹೇಗೆ ಒಟ್ಟಿಗೆ ಉಳಿಸಿಕೊಂಡರು ಎಂಬುದೇ ಇಲ್ಲಿಯ ಕಥೆ. ಎರಡೂ ಮನೆಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸದೆ ಇದನ್ನು ಕೇಳಿ ಬರೆದುಕೊಳ್ಳಲಾಗಿದೆ. ಹೇಳಿಕೆಗಳು ಹೊಂದದ ಕಡೆ ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಉಮಾದೇವಿ ಹುಟ್ಟಿ ಬೆಳೆದದ್ದು ರೊದ್ದಂ ಸೀಮೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ಅಲ್ಲಿನ ಮದುವೆಗಳಲ್ಲಿ ಬೀಗರನ್ನು ಹಂಗಿಸುವುದು ಶಾಸ್ತ್ರದಷ್ಟೇ ಅಗತ್ಯವಾದ ಕೆಲಸ. ಗಂಡಿನ ತಾಯಿ ಎಲೆಯ ಮುಂದೆ ಕುಳಿತೊಡನೆ ಹೆಣ್ಣಿನ ಕಡೆಯ ಹೆಂಗಸರು ಅವಳ ನಡಿಗೆ, ಮೂಗುತಿ, ಊರು, ಹಸಿವು ಎಲ್ಲವನ್ನೂ ಹಿಡಿದು ಆಡಿಕೊಳ್ಳುತ್ತಾರೆ. ಹಂಗಿಸಿಕೊಂಡವಳು ಮುನಿಯುವಂತಿಲ್ಲ, ಎಲೆ ಬಿಟ್ಟು ಏಳುವಂತಿಲ್ಲ. ಬಾಯಿ ಇದ್ದರೆ ಅಲ್ಲೇ ಒಂದು ಮಾತು ತಿರುಗಿಸಬಹುದು, ಅಷ್ಟೇ. ಊಟ ಮುಗಿದ ಮೇಲೆ ಹಂಗಿಸಿದವಳೇ ಬಂದು ಅವಳ ಕೈಗೆ ತಾಂಬೂಲ ಇಡಬೇಕು. ಮುಂದೆ ಗಂಡಿನ ಊರಿನಲ್ಲಿ ಬೀಗರೂಟ ನಡೆಯುವಾಗ ಸರದಿ ತಿರುಗುತ್ತದೆ. ಆಗ ಎಲೆಯ ಮುಂದೆ ಹೆಣ್ಣಿನ ತಾಯಿ ಕೂರುತ್ತಾಳೆ, ಗಂಡಿನ ತಾಯಿ ಎದುರು ನಿಲ್ಲುತ್ತಾಳೆ. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ ಇನ್ನೊಂದಿದೆ. ಎದುರಿಗಿಲ್ಲದವರನ್ನು ಹಂಗಿಸಬಾರದು.

ಉಮಾದೇವಿಯವರ ತಾಯಿ ನರಸಕ್ಕ ಈ ಕೆಲಸದಲ್ಲಿ ಹೆಸರಾದವರು. ಸುತ್ತಲಿನ ಹಳ್ಳಿಗಳವರು ಮದುವೆಗೆ ವಾದ್ಯದವರನ್ನು ಗೊತ್ತು ಮಾಡುವಾಗಲೇ ನರಸಕ್ಕನಿಗೂ ಹೇಳಿ ಕಳಿಸುತ್ತಿದ್ದರಂತೆ. ಮಗಳಿಗೆ ಅವರು ಕಲಿಸಿದ್ದು ಮಾತುಗಳನ್ನಲ್ಲ, ಮಾತಿನ ನಡುವಿನ ಬಿಡುವನ್ನು. “ಒಂದ್ ಮಾತು ಹಾಕಿದ್ ಮ್ಯಾಲೆ ಉಸಿರು ಹಿಡೀಬೇಕು ಕಣಮ್ಮ. ಆ ಜಾಗ ನಿಂದಲ್ಲ, ಬೀಗಿತ್ತೀದು. ಅವ್ಳು ಏನಾರ ಅಂದ್ರೆ ಅನ್ಲಿ. ಅನ್ನದಿದ್ರೆ ಮುಂದಿಂದು ಹಾಕು.” ಈ ಬಿಡುವೇ ಮುಂದೆ ಉಮಾದೇವಿಯವರ ಹಾಸ್ಯದ ಗುರುತಾಯಿತು.

ಮದುವೆಯಾಗಿ ಹಿಂದೂಪುರಕ್ಕೆ ಬಂದ ಮೇಲೆ ಅವರಿಗೂ ಮದುವೆಮನೆಗಳಿಂದ ಕರೆ ಬರತೊಡಗಿತು. ಗಂಡ ವೆಂಕಟರಾಯಪ್ಪ ಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುವವರು, ಮಿತಭಾಷಿ. ಮೊದಮೊದಲು ಉಮಾದೇವಿ ಪಂಕ್ತಿಯ ಪಕ್ಕದಲ್ಲಿ ನಿಂತು ಆಡುತ್ತಿದ್ದರು. ಒಂದು ಮದುವೆಯಲ್ಲಿ ಯಾರೋ ಕೈಗೆ ಮೈಕು ಕೊಟ್ಟರು. ಆಮೇಲೆ ಕಾಲೇಜೊಂದರ ವಾರ್ಷಿಕೋತ್ಸವ, ಯುವಕ ಸಂಘದ ವೇದಿಕೆ. ಬೀಗರಿಲ್ಲದ ಸಭೆಯಲ್ಲಿ ಯಾರನ್ನು ಹಂಗಿಸುವುದೆಂದು ತಿಳಿಯದೆ ಅವರು ತಮ್ಮನ್ನೇ ಹಂಗಿಸಿಕೊಂಡರಂತೆ. ಅದೇ ಅವರ ಮೊದಲ ಸ್ಟ್ಯಾಂಡಪ್, ಆ ಹೆಸರು ಅವರಿಗೆ ತಿಳಿಯುವ ಮೊದಲೇ.

ಮೀನಾಳ ಮದುವೆ ನಡೆದದ್ದು ಹಿಂದೂಪುರದ ಒಂದು ಮಂಟಪದಲ್ಲಿ. ಅಳಿಯ ನರೇಶ್, ಕಲ್ಯಾಣದುರ್ಗದಲ್ಲಿ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಯವನು. ಅವನ ತಾಯಿ ಸರ್ವಮಂಗಳಮ್ಮ ಬಂದವರೇ ನೇರ ಅಡುಗೆಯ ಕಡೆ ನಡೆದು, ಅನ್ನದ ಅಗುಳೊಂದನ್ನು ಬೆರಳಲ್ಲಿ ಹಿಸುಕಿ ನೋಡಿ, ಇನ್ನೊಂದು ಕುದಿ ಬೇಕಿತ್ತು ಎಂದರು. ಸಾರಿಗೂ ಹಾಗೆಯೇ ಅಂದರು. ವಾದ್ಯದವರು ನುಡಿಸತೊಡಗಿದಾಗ ತಲೆ ಓರೆ ಮಾಡಿ ಕೇಳಿ ಅದಕ್ಕೂ ಅದೇ ತೀರ್ಪು ಕೊಟ್ಟರು. ಪೇಟ ಸುತ್ತಿಕೊಂಡು ಬಂದ ಸ್ವಂತ ಮಗನನ್ನೂ ಬಿಡಲಿಲ್ಲ.

ಹೆಣ್ಣಿನ ತಾಯಿಗೆ ಅಂದು ಬೇರೇನೂ ಬೇಕಾಗಿರಲಿಲ್ಲ. ಬೀಗಿತ್ತಿ ಎಲೆಯ ಮುಂದೆ ಕುಳಿತಾಗ ಉಮಾದೇವಿ ಎದುರು ನಿಂತು ಆ ಬೆರಳು, ಆ ನೋಟ, ಆ ಮಾತುಗಳನ್ನು ಹಾಗೆಹಾಗೇ ಮಾಡಿ ತೋರಿಸಿದರು. ಬಡಿಸುವವರು ಪಾತ್ರೆ ಕೆಳಗಿಟ್ಟು ನಕ್ಕರು. ಸರ್ವಮಂಗಳಮ್ಮ ಮಾತ್ರ ಬಿಡುವು ಬಂದಾಗಲೆಲ್ಲ ಸುಮ್ಮನೆ ತುತ್ತು ಕಲೆಸಿದರು. ತಾಂಬೂಲ ಇಸಿದುಕೊಂಡು ಎದ್ದಾಗ ಒಂದೇ ಮಾತು ಹೇಳಿದರು.

“ಆಯ್ತು ಬೀಗಿತ್ತಿ. ಬೀಗರೂಟಕ್ಕೆ ಬಾ. ನಂದೂ ಐತೆ.”

ಅದೇ ವಾರ ಬೆಂಗಳೂರಿನಿಂದ ಫೋನು ಬಂತು. ಮಂಟಪದಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಕೈಯಿಂದ ಕೈಗೆ ಹೋಗಿ, ವಾಹಿನಿಯ ಹಾಸ್ಯ ಕಾರ್ಯಕ್ರಮಕ್ಕೆ ಬರೆಯುತ್ತಿದ್ದ ಪ್ರಮೀಳಾ ಎಂಬ ಲೇಖಕಿಗೆ ತಲುಪಿತ್ತು. ಕಾರ್ಯಕ್ರಮದ ಕಲಾವಿದರ ಆಯ್ಕೆಗೆ ಬರಬೇಕಾದ ದಿನವೂ ಬೀಗರೂಟದ ದಿನವೂ ಒಂದೇ ಭಾನುವಾರ. ಊಟಕ್ಕೆ ಗಂಡ ಹೋದರೆ ಸಾಕೆಂದುಕೊಂಡು ಉಮಾದೇವಿ ಬೆಂಗಳೂರಿನ ಬಸ್ಸು ಹತ್ತಿದರು. ಅಲ್ಲಿ ಬೀಗಿತ್ತಿಯನ್ನೇ ಮಾಡಿ ತೋರಿಸಿದರು, ಆಯ್ಕೆಯಾದರು.

ಕಲ್ಯಾಣದುರ್ಗದಲ್ಲಿ ಆ ಹೊತ್ತಿಗೆ ಪಂಕ್ತಿ ಕೂತಿತ್ತು. ಹೆಣ್ಣಿನ ತಾಯಿಗೆಂದು ಹಾಕಿದ ಎಲೆ ಖಾಲಿಯಿತ್ತು. ಬಡಿಸುವವನು ಅದನ್ನು ತೆಗೆಯಲು ಹೋದಾಗ ಸರ್ವಮಂಗಳಮ್ಮ, “ಬಿಡು, ಅಲ್ಲೇ ಇರ್ಲಿ” ಎಂದರಂತೆ. ಊಟ ಮುಗಿಯುವವರೆಗೆ ಆ ಎಲೆ ಅಲ್ಲೇ ಇತ್ತು ಎಂದು ವೆಂಕಟರಾಯಪ್ಪ ಹೇಳುತ್ತಾರೆ. ಪಕ್ಕದ ಎಲೆ ಅವರದಾಗಿತ್ತು.

ಕಾರ್ಯಕ್ರಮ ಪ್ರಸಾರವಾದ ಮೇಲೆ ‘ಇನ್ನೊಂದು ಕುದಿ’ ಎಲ್ಲರ ಬಾಯಿಗೆ ಬಂತು. ಕಲ್ಯಾಣದುರ್ಗದ ಕಿರಾಣಿ ಅಂಗಡಿಯವರು ಸರ್ವಮಂಗಳಮ್ಮನನ್ನು ಕಂಡರೆ, “ಏಮಮ್ಮಾ, ಈ ಬೇಳೆಗೆ ಎಷ್ಟು ಕುದಿ?” ಎಂದು ಕೇಳತೊಡಗಿದರು. ಅವರು ಯಾರ ಮೇಲೂ ರೇಗಲಿಲ್ಲ. ಆದರೆ ಹಿಂದೂಪುರಕ್ಕೆ ಬರುವುದನ್ನು ನಿಲ್ಲಿಸಿದರು. ಉಗಾದಿಗೆ ಮಗ ಸೊಸೆಯನ್ನು ಕಳಿಸಿದರು, ಬುಟ್ಟಿ ತುಂಬ ಕಜ್ಜಾಯ ಕಳಿಸಿದರು, ತಾವು ಬರಲಿಲ್ಲ. ಉಮಾದೇವಿ ಫೋನು ಮಾಡಿದರೆ, ಕೈಯಲ್ಲಿ ಹಿಟ್ಟೈತೆ ಅಂತ ಹೇಳು, ಎಂದು ಸೊಸೆಗೆ ಹೇಳುತ್ತಿದ್ದರು. ಹೊತ್ತು ಯಾವುದಾದರೂ ಕೈಯಲ್ಲಿ ಹಿಟ್ಟೇ.

ಮೀನಾಳ ಮಾತು ಇದು: “ನಮ್ಮತ್ತೆ ನನ್ನ ಮ್ಯಾಲೆ ಒಂದಿನಾನೂ ದನಿ ಎತ್ತಲಿಲ್ಲ. ಅಮ್ಮನ್ನೂ ಬಯ್ಲಿಲ್ಲ. ಬೈದಿದ್ರೆ ಅಮ್ಮಂಗೆ ಹೇಳಿ, ಅಮ್ಮನ ಕೈಲಿ ಕಾಲ್ ಹಿಡಿಸಿ ಮುಗಿಸ್ಬೋದಿತ್ತು. ಸುಮ್ಕಿದ್ರಲ್ಲ, ಅದಕ್ಕೇ ಏನೂ ಮಾಡಾಕಾಗ್ಲಿಲ್ಲ.”

ಮೂರನೆಯ ವರ್ಷ ಪ್ರಮೀಳಾ ಒಂದು ಸಿನಿಮಾಕ್ಕೆ ಚಿತ್ರಕಥೆ ಬರೆದರು. ಅದರಲ್ಲಿ ಬೀಗಿತ್ತಿಯದೇ ದೊಡ್ಡ ಪಾತ್ರ, ಮೊದಲಿನಿಂದ ಕೊನೆಯವರೆಗೆ. ಆ ತನಕ ಸಿನಿಮಾಗಳಲ್ಲಿ ಉಮಾದೇವಿಗೆ ಸಿಕ್ಕಿದ್ದು ಬಾಗಿಲು ತೆಗೆಯುವ ಕೆಲಸದಾಕೆ, ಬಸ್ಸಿನಲ್ಲಿ ಜಗಳವಾಡುವ ಹೆಂಗಸಿನಂಥ ಪಾತ್ರಗಳು. ಒಪ್ಪಿಗೆಯನ್ನು ಬೇಗ ತಿಳಿಸಬೇಕಿತ್ತು. ಮನೆಯಲ್ಲಿ ಮಾತು ತೆಗೆದವರು ವೆಂಕಟರಾಯಪ್ಪ.

“ಟೀವಿ ಆದ್ರೆ ಬಂದ್ ಮಾಡ್ಬೋದು ಕಣೆ. ಸಿನಿಮಾ ಅಂದ್ರೆ ಕಲ್ಯಾಣದುರ್ಗದ ಗೋಡೆ ಮ್ಯಾಲೆಲ್ಲ ನೀನು ಅವರಂಗೆ ನಿಂತ್ಕಂಡಿರ್ತೀಯ. ಆಮೇಲೆ ಆ ಹೊಸ್ತಿಲು ತುಳಿಯಾಕಾಯ್ತದಾ?”

“ಬಿಡು ಅಂತೀರಾ?”

“ನಾನ್ ಯಾಕನ್ಲಿ. ಆ ಖಾಲಿ ಎಲೆ ಪಕ್ಕ ಕೂತು ಉಂಡೋನು ನಾನು, ಅಷ್ಟು ಹೇಳ್ತೀನಿ.”

ಉಮಾದೇವಿ ಸ್ವಲ್ಪ ಹೊತ್ತು ಯಂತ್ರ ತುಳಿದರು. “ಹೋಯ್ತೀನಿ. ಅವ್ರು ಬ್ಯಾಡ ಅಂದ್ರೆ ಬಿಟ್ಬುಡ್ತೀನಿ, ಪಾತ್ರಾನೂ ಸಿನಿಮಾನೂ. ಆದ್ರೆ ಅವ್ರ ಬಾಯಿಂದಾನೇ ಬರ್ಲಿ.”

ಅವರು ಕಲ್ಯಾಣದುರ್ಗ ತಲುಪಿದ್ದು ಒಂದು ಭಾನುವಾರ ಮಧ್ಯಾಹ್ನ. ಬರುವ ಸುದ್ದಿಯನ್ನು ಮಗಳಿಗೂ ತಿಳಿಸಿರಲಿಲ್ಲ. ತಿಳಿಸಿದ್ದರೆ ಬೀಗಿತ್ತಿಯ ಕೈಯಲ್ಲಿ ಹಿಟ್ಟಿರುತ್ತಿತ್ತು. ಮನೆಯ ಮುಂದೆ ಸಾಲಾಗಿ ಚಪ್ಪಲಿಗಳು. ಒಳಗಿನಿಂದ ನಗು ಕೇಳಿಸುತ್ತಿತ್ತು. ಅದರ ನಡುವೆ ತಮ್ಮದೇ ದನಿ. ವಾರದ ಕಂತಿನ ಮರುಪ್ರಸಾರದ ಹೊತ್ತದು.

ಉಮಾದೇವಿ ಬಾಗಿಲ ಬದಿಯಲ್ಲಿ ನಿಂತರು. ನಡುಮನೆಯಲ್ಲಿ ಓಣಿಯ ಹೆಂಗಸರು ತುಂಬಿ ಕುಳಿತಿದ್ದರು, ಟೀವಿಗೆ ಬೆನ್ನು ಮಾಡಿ. ಎಲ್ಲರ ಮುಖವೂ ಸರ್ವಮಂಗಳಮ್ಮನ ಕಡೆಗಿತ್ತು. ಅವರೊಬ್ಬರೇ ಟೀವಿಯನ್ನು ನೇರವಾಗಿ ನೋಡುತ್ತ ಮಣೆಯ ಮೇಲೆ ಕುಳಿತಿದ್ದರು. ತೆರೆಯ ಮೇಲಿನ ಉಮಾದೇವಿ ಸೊಂಟಕ್ಕೆ ದಿಂಬು ಕಟ್ಟಿಕೊಂಡು, ಸೆರಗು ಬೀಸಿಕೊಂಡು ಓಲಾಡುತ್ತ ನಡೆದು, ಒಂದು ಮಾತು ಹಾಕಿ, ತಾಯಿ ಕಲಿಸಿದಂತೆ ಉಸಿರು ಹಿಡಿದು ನಿಂತರು. ಕೂಡಲೇ ಸರ್ವಮಂಗಳಮ್ಮ ಹೇಳಿದರು:

“ಮಗಳ ಜೊತೆ ಕಳಿಸಿದ ಹಾಸಿಗೆ ಯಾಕೆ ಅಷ್ಟ್ ತೆಳ್ಳಗೈತೆ ಅಂತ ಇವತ್ತು ಗೊತ್ತಾಯ್ತು ಕಣ್ರಮ್ಮ. ಹತ್ತಿ ಎಲ್ಲ ಇವ್ಳ ಸೊಂಟದಾಗೈತೆ!”

ಹೆಂಗಸರು ಒಬ್ಬರ ಮೇಲೊಬ್ಬರು ಒರಗಿ ನಕ್ಕರು. ಆ ಬಿಡುವಿನ ಜಾಗವನ್ನು ಬೆಂಗಳೂರಿನಲ್ಲಿ ಸಂಕಲನದವರು ಧ್ವನಿಮುದ್ರಿತ ನಗುವಿನಿಂದ ತುಂಬುತ್ತಿದ್ದರು. ಅದು ಯಾವತ್ತೂ ಉಮಾದೇವಿಗೆ ಸರಿ ಕಂಡಿರಲಿಲ್ಲ, ಏಕೆಂದು ಮಾತ್ರ ತಿಳಿದಿರಲಿಲ್ಲ. ಜಾಗದ ಯಜಮಾನಿ ಇಲ್ಲಿ ಕುಳಿತು ಪ್ರತಿ ವಾರವೂ ಅದನ್ನು ತುಂಬುತ್ತಿದ್ದರು. ಮುಂದಿನ ಬಿಡುವಿಗೆ ಇನ್ನೊಂದು ಮಾತು ಬಂತು, ಅದರ ಮುಂದಿನದಕ್ಕೆ ಮತ್ತೊಂದು. ತಡೆಯಲಾಗದೆ ಉಮಾದೇವಿ ಬಾಗಿಲಲ್ಲೇ ಜೋರಾಗಿ ನಕ್ಕುಬಿಟ್ಟರು.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಟೀವಿಯಲ್ಲೊಬ್ಬ ಉಮಾದೇವಿ, ಬಾಗಿಲಲ್ಲೊಬ್ಬ ಉಮಾದೇವಿ. ಹೆಂಗಸರು ಮೆಲ್ಲನೆ ಎದ್ದು ಚಪ್ಪಲಿ ಹುಡುಕತೊಡಗಿದರು.

“ಎಲ್ಲಿಗ್ ಎದ್ರಿ? ಕೂತ್ಕಳ್ರಿ” ಎಂದ ಸರ್ವಮಂಗಳಮ್ಮ ಬೀಗಿತ್ತಿಯ ಕಡೆ ತಿರುಗಿದರು. “ಯಾವಾಗ್ ಬಂದೆ? ಕಾಲ್ ತೊಳ್ಕಂಡ್ ಬಾ.”

ಆಮೇಲಿನ ಮಾತುಕತೆಯನ್ನು ಇಬ್ಬರೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಹೇಳುತ್ತಾರೆ.

“ಅಕ್ಕಾ, ನಾನ್ ಆಡಿಕೊಂಡಿದ್ದಕ್ಕೆ ಮನಸು ಮುರ್ಕೊಂಡಿದ್ರೆ ಹೇಳ್ಬುಡ್ರಿ. ಆ ಪಾತ್ರ ಇವತ್ತಿಗೇ ಬಿಡ್ತೀನಿ.”

“ಆಡಿಕೊಂಡಿದ್ದಕ್ಕೆ ಯಾರ್ ಮನಸು ಮುರ್ಕೋತಾರಮ್ಮ? ಬೀಗಿತ್ತಿ ಆಡಿಕೊಳ್ದೆ ಇನ್ಯಾರ್ ಆಡಿಕೋತಾರೆ? ನಾನ್ ನಿನ್ನ ಎಲೆ ಮುಂದೆ ಕೂತು, ತಲೆ ತಗ್ಗಿಸಿ ಉಂಡೆ. ನಿಂಗೆ ಎಲೆ ಹಾಕ್ಸಿದೆ. ನೀನ್ ಬರ್ಲಿಲ್ಲ. ಹೇಳೋಕ್ ಎಷ್ಟಿತ್ತು ಗೊತ್ತಾ ನಂಗೆ? ನೀನು ಬೆಂಗ್ಳೂರಾಗೆ ನಿಂತ್ಕಂಡು ವಾರ ವಾರ ಹಾಕ್ತಾನೇ ಇದ್ದೀಯ, ನಂದು ಹಂಗೇ ಐತೆ.”

“ಮತ್ತೆ ಟೀವೀಗ್ ಹೇಳ್ತಿದ್ರಲ್ಲಕ್ಕಾ?”

“ಎದುರಿಗ್ ಇಲ್ಲದವರ್ನ ಹಂಗಿಸಬಾರ್ದು. ಟೀವಿನಾಗೆ ಎದುರಿಗೇ ಇರ್ತೀಯಲ್ಲ! ಅದಕ್ಕೇ.” ಟೀವಿಯ ಕಡೆ ಕೈ ತೋರಿಸಿದರು. “ಆದ್ರೂ ನಿನ್ ಮುಖ ಕಾಣಕಿಲ್ಲ. ನಾಟಿತೋ ಇಲ್ವೋ ಹೆಂಗ್ ಗೊತ್ತಾಗ್ಬೇಕು?”

ಉಮಾದೇವಿ ಸಿನಿಮಾದ ವಿಷಯ ಹೇಳಿದರು. ನೀವೇ ಬಂದು ಎದುರಿನ ಪಾತ್ರ ಮಾಡಿ, ಪ್ರಮೀಳಾಗೆ ನಾನು ಹೇಳುತ್ತೇನೆ ಎಂದೂ ಕೇಳಿದರು. ಸರ್ವಮಂಗಳಮ್ಮ ಕೈ ಅಲ್ಲಾಡಿಸಿದರು. ಯಾರೋ ಬರೆದುಕೊಟ್ಟಿದ್ದನ್ನು ಹೇಳುವುದು ತಮ್ಮ ಕೈಲಾಗದು. ಸಿನಿಮಾ ಮಾಡು, ಬೇಡವೆನ್ನುವುದಿಲ್ಲ. ಆದರೆ ಮೊದಲು ಬಂದು ಎಲೆಯ ಮುಂದೆ ಕೂರಬೇಕು ಎಂದರು.

ಹೀಗೆ ಮೂರು ವರ್ಷ ಹಳೆಯದಾದ ಮದುವೆಗೆ ಕಲ್ಯಾಣದುರ್ಗದಲ್ಲಿ ಇನ್ನೊಮ್ಮೆ ಬೀಗರೂಟ ನಡೆಯಿತು. ಮನೆಯ ಮುಂದೆ ಶಾಮಿಯಾನ ಕಂಡವರು ಮೀನಾಳನ್ನು ಕೇಳಿದರು.

“ಯಾರ್ ಮದುವೆ ಕಣಮ್ಮಾ?”

“ನಮ್ಮೆಜಮಾನ್ರುದೇ.”

“ಅಯ್ಯೋ, ಇನ್ನೊಂದಾ?”

“ಥೂ, ಅದೇ ಹಳೇದು. ಊಟ ಬಾಕಿ ಇತ್ತು.”

ಮುದ್ದೆ, ಮಾಂಸದ ಸಾರು, ಅನ್ನ. ಉಮಾದೇವಿ ಎಲೆಯ ಮುಂದೆ ಕುಳಿತರು. ಸಾವಿರಾರು ಜನರ ಎದುರು ನಿಂತು ಅಭ್ಯಾಸವಾಗಿದ್ದ ಅವರು ಅಂದು ಕಣ್ಣನ್ನು ಎಲೆಯ ಮೇಲೇ ಇಟ್ಟಿದ್ದರಂತೆ. ಸರ್ವಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ಎದುರು ನಿಂತರು.

“ಕೇಳ್ರಪ್ಪಾ. ನನ್ನಂಗೆ ಕಾಣ್ಲಿ ಅಂತ ಬೆಂಗ್ಳೂರಾಗೆ ಇವ್ಳಿಗೆ ಇಬ್ರು ಬಣ್ಣ ಬಳೀತಾರಂತೆ. ನಾನು ಹಿತ್ತಲಾಗೆ ಮುಖ ತೊಳ್ಕಂಡ್ ಬಂದ್ರೆ ಸಾಕು, ನನ್ನಂಗೇ ಕಾಣ್ತೀನಿ!”

ಬಿಡುವು. ಉಮಾದೇವಿ ತುತ್ತು ನುಂಗಿ ತಿರುಗಿಸಿದರು. “ಇಬ್ರು ಸಾಲ್ದೆ ಮೂರ್ನೇಯವಳನ್ನ ಹುಡುಕ್ತಾವ್ರೆ ಅಕ್ಕಾ!”

“ಹುಡುಕ್ಲಿ ಹುಡುಕ್ಲಿ. ಊರಿಗೆಲ್ಲ ರವಿಕೆ ಹೊಲೀತಾಳಂತೆ ಇವ್ಳು. ಮದುವೇಲಿ ನಂಗೊಂದು ಹೊಲ್ದು ಕೊಟ್ಳು. ಒಂದು ತೋಳು ಹತ್ತುತ್ತೆ, ಇನ್ನೊಂದು ಹತ್ತಕಿಲ್ಲ. ನನ್ ನಡಿಗೆ ಹಿಡಿದ್ಳು, ಮಾತು ಹಿಡಿದ್ಳು, ಬೆರಳು ಹಿಡಿದ್ಳು. ತೋಳಿನ್ ಅಳತೆ ಒಂದ್ ಹಿಡಿಯಾಕಾಗ್ಲಿಲ್ಲ!”

ಇದಕ್ಕೆ ಉಮಾದೇವಿ ನಗು ನೆತ್ತಿಗೇರಿ ಕೆಮ್ಮಿದರು. ಅಳಿಯ ನೀರು ತಂದ. ವೆಂಕಟರಾಯಪ್ಪ ಪಕ್ಕದ ಎಲೆಯಲ್ಲಿ ಕುಳಿತು ಕಣ್ಣೊರೆಸಿಕೊಂಡರು. ಮೂರು ವರ್ಷ ಕಾದಿಟ್ಟ ಮಾತುಗಳು ಸಾರು ಆರುವವರೆಗೆ ಬಂದವು. ಕೊನೆಗೆ ಸರ್ವಮಂಗಳಮ್ಮ ಎಲೆ ಅಡಿಕೆ ತಂದು ಬೀಗಿತ್ತಿಯ ಕೈಗಿಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡೇ ಕೇಳಿದರು. “ಸಾರು ಹೆಂಗಿತ್ತು?”

ಆಡಬೇಕಾದ ಮಾತು ನಾಲಗೆಯ ತುದಿಯಲ್ಲಿತ್ತು ಎಂದು ಉಮಾದೇವಿ ಹೇಳುತ್ತಾರೆ. “ಆದ್ರೆ ಆ ಮಾತು ಅವ್ರದು, ನಂದಲ್ಲ. ಚೆನ್ನಾಗಿತ್ತಕ್ಕಾ ಅಂದೆ, ಅಷ್ಟೇ.”

ಅದೇ ಸಂಜೆ ಅವರು ಟೇಪು ತರಿಸಿ ಬೀಗಿತ್ತಿಯ ತೋಳಿನ ಅಳತೆ ತೆಗೆದುಕೊಂಡರು. ಹಿಂದೂಪುರಕ್ಕೆ ಮರಳಿದ ಮೇಲೆ ಪ್ರಮೀಳಾಗೆ ಫೋನು ಮಾಡಿ ಒಪ್ಪಿಗೆ ತಿಳಿಸಿದರು, ಜೊತೆಗೆ ಒಂದು ಬೇಡಿಕೆಯನ್ನೂ ಇಟ್ಟರು. ಬೀಗಿತ್ತಿಯ ಪಾತ್ರದ ಒಂದೊಂದು ಮಾತಾದ ಮೇಲೂ ಒಂದು ಉಸಿರಿನಷ್ಟು ಜಾಗ ಬಿಡಬೇಕು. ಅಲ್ಲಿ ಸಂಗೀತ ತುಂಬಬಾರದು, ನಗು ತುಂಬಬಾರದು. ನಿರ್ದೇಶಕರು ಮೊದಲು ಒಪ್ಪಲಿಲ್ಲ, ಪರದೆ ಸತ್ತಂತೆ ಕಾಣುತ್ತದೆ ಎಂದರು. ಪ್ರಮೀಳಾ ಪಟ್ಟು ಹಿಡಿದು ಉಳಿಸಿದ್ದು ಕೆಲವು ಬಿಡುವುಗಳನ್ನು ಮಾತ್ರ. ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಅವು ಸುಮ್ಮನೆ ಕಳೆದುಹೋದವು.

ಹಿಂದೂಪುರದಲ್ಲಿ ಹಾಗಾಗಲಿಲ್ಲ. ಎರಡೂ ಮನೆಯವರು ಒಟ್ಟಿಗೆ ಹೋದ ಆಟದಲ್ಲಿ ಸರ್ವಮಂಗಳಮ್ಮ ಹೊಸ ರವಿಕೆ ತೊಟ್ಟು ನಡುವಿನ ಸಾಲಿನಲ್ಲಿ ಕುಳಿತಿದ್ದರು. ತೆರೆಯ ಮೇಲಿನ ಬೀಗಿತ್ತಿ ಮೊದಲ ಮಾತು ಹಾಕಿ ಉಸಿರು ಹಿಡಿದಳು. ಹಿಂದಿನ ಸಾಲಿನಿಂದ ಯಾವಳೋ ಒಂದು ಮಾತು ತಿರುಗಿಸಿದಳು. ಇನ್ನೊಂದು ಬಿಡುವಿಗೆ ಎಡಗಡೆಯಿಂದ ತೆಲುಗಿನಲ್ಲಿ ಬಂತು. ಈ ಸೀಮೆಯ ಹೆಂಗಸರಿಗೆ ಆ ಜಾಗ ಯಾತಕ್ಕಿದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರನೆಯ ಬಿಡುವು ಬಂದಾಗ ಸರ್ವಮಂಗಳಮ್ಮ ಅರ್ಧ ಎದ್ದು ನಿಂತು ಹಿಂದಕ್ಕೆ ತಿರುಗಿದರು.

“ಸುಮ್ಕಿರ್ರಮ್ಮ ಒಂದ್ ಗಳಿಗೆ. ಇದು ನಂದು.”

ಆಮೇಲೆ ಅವರು ಹೇಳಿದ ಮಾತೇನು ಎಂಬುದರಲ್ಲಿ ಹೇಳಿಕೆಗಳು ಹೊಂದುವುದಿಲ್ಲ. ಅದು ಕೊರಳ ಸರದ ಮೇಲಿನ ಮಾತು ಎಂದು ಉಮಾದೇವಿ ಹೇಳುತ್ತಾರೆ. ನಡಿಗೆಯ ಮೇಲಿನದು ಎನ್ನುತ್ತಾಳೆ ಮೀನಾ. ನಗುವಿನ ಗದ್ದಲದಲ್ಲಿ ತಮಗೇನೂ ಕೇಳಿಸಲಿಲ್ಲ ಎಂದು ವೆಂಕಟರಾಯಪ್ಪ ಒಪ್ಪಿಕೊಳ್ಳುತ್ತಾರೆ. ಕಲ್ಯಾಣದುರ್ಗದಲ್ಲಿ ಸರ್ವಮಂಗಳಮ್ಮನವರನ್ನೇ ಕೇಳಿದಾಗ ಅವರು ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟರು.

“ಅದು ಆ ಹೊತ್ತಿಗ್ ಬಿಸಿ ಬಿಸಿಯಾಗಿ ಬಡ್ಸಿದ್ದು. ತಂಗ್ಳು ಬಡ್ಸಕಿಲ್ಲ ನಾನು,” ಎಂದರು. “ಬೇಕಿದ್ರೆ ಮುಂದಿನ್ ಸಿನಿಮಾಕ್ಕೆ ಜೊತೇಲಿ ಬನ್ನಿ.” ಆಮೇಲೆ ಮೊರ ಎತ್ತಿಕೊಂಡು, ಕಾಫಿಗೆ ಹಾಲಿಡು ಎಂದು ಸೊಸೆಯನ್ನು ಕೂಗಿದರು.